ಮೀನು ನಂಬದ ಮಳೆ

ಮಳೆ ತರಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ ಎಂದು ನಾನು ಮನಸಾರೆ ನಂಬಿದ್ದ ಕಾಲವೊಂದಿತ್ತು. ಆಗ ನನಗೆ ಮೀಸೆ ಬಂದಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ನಮ್ಮೂರು ಹಳಿಯಾಳ ತಾಲೂಕಿನ ಸಾಂಬ್ರಾಣಿ. ಊರಿನಲ್ಲಿ ನನಗೆ ಹೆಸರು ಬಂದದ್ದು ಒಂದೇ ವಿದ್ಯೆಯಿಂದ: ಯಾರ ಧ್ವನಿ ಬೇಕಾದರೂ ತೆಗೆಯುತ್ತಿದ್ದೆ. ಗೌಡರು ಹಲ್ಲಿನ ಸಂದಿಯಿಂದ ಅಡಿಕೆ ಚೂರು ತೆಗೆಯುತ್ತ ನ್ಯಾಯ ಹೇಳುವುದು, ಮಠದ ಅಯ್ಯನವರು ಬೇಡ ಬೇಡ ಎನ್ನುತ್ತಲೇ ಹೋಳಿಗೆಯ ಕಡೆಗೆ ತಾಟು ಸರಿಸುವುದು, ದಾಂಡೇಲಿಯ ಗಿರಣಿಯ ಭೋಂಗಾ ಮೊದಲು ನರಳಿ ಆಮೇಲೆ ಕೂಗುವುದು, ಎಲ್ಲವೂ ನನ್ನ ಗಂಟಲಲ್ಲಿ ಇದ್ದವು. ಒಮ್ಮೆ, ಅದೇ ಗಿರಣಿಯಲ್ಲಿ ಕೆಲಸಕ್ಕಿದ್ದ ಸೋದರಮಾವನ ಬಂಗೂರನಗರದ ಮನೆಯ ಹಿಂದೆ ನಿಂತು ಭೋಂಗಾ ತೆಗೆದೆ. ಮಾವ ಅರ್ಧ ಗಡ್ಡ ಕೆರೆದುಕೊಂಡೇ ಪಾಳಿಗೆ ಓಡಿದ. ನನ್ನನ್ನು ನಾನೂ ಅಣಕಿಸುತ್ತಿದ್ದೆ. ಅದು ಎಲ್ಲಕ್ಕಿಂತ ಸುಲಭ. ಬಾಯಿ ತೆರೆದು ಸುಮ್ಮನೆ ನಿಂತರೆ ಆಯಿತು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಕೆರೆಗಳಲ್ಲಿ ಮೀನು ಬೆಳೆಸುವ ಸರಕಾರಿ ಯೋಜನೆಯೊಂದು ಹಳಿಯಾಳಕ್ಕೂ ಬಂದು, ಕೆರೆ ನೋಡಿಕೊಳ್ಳಲು ಹುಡುಗರು ಬೇಕೆಂದು ಕರೆದರು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಸಾಹೇಬರೊಬ್ಬರು ನನ್ನ ಪರೀಕ್ಷೆ ಮಾಡಿದರು.

"ಮೀನು ತಿಂತೀರೇನ್ರೀ?"

"ಇಲ್ರಿ ಸಾಹೇಬರ. ನಾವು ಲಿಂಗವಂತರು. ನಮ್ಮ ಮನ್ಯಾಗ ಅದರ ಹೆಸರೂ ಎತ್ತಂಗಿಲ್ಲ."

ಸಾಹೇಬರ ಮುಖದಲ್ಲಿ ಬೆಳಕು ಬಂತು. "ಹಾಗಾದ್ರೆ ನೀವೇ ಆಗಬೇಕು. ಹಿಂದೆ ಇದ್ದವನು ಮೀನನ್ನ ತುಂಬಾ ಪ್ರೀತಿಯಿಂದ ನೋಡ್ಕೋತಿದ್ದ ಕಣ್ರೀ. ಊಟದ ಹೊತ್ತಿಗೆ."

ಹೀಗೆ ಮೀನಿನ ಬಗ್ಗೆ ಏನೂ ತಿಳಿಯದಿರುವುದೇ ನನ್ನ ಅರ್ಹತೆಯಾಗಿ, ನಾನು ಸರಕಾರಿ ನೌಕರನಾದೆ. ಅವ್ವ ಎರಡು ದಿನ ಮಾತು ಬಿಟ್ಟಳು. ಆಮೇಲೆ, ಸಂಜೆ ಹಿತ್ತಲಲ್ಲಿ ಮೈ ತೊಳೆದುಕೊಂಡೇ ಒಳಗೆ ಬರತಕ್ಕದ್ದು ಎಂಬ ಕರಾರಿನ ಮೇಲೆ ಒಪ್ಪಿದಳು.

ನೌಕರಿ ತಾತ್ಪೂರ್ತಿಕವಾದದ್ದು. ಖಾಯಂ ಆದರೆ ಹಳಿಯಾಳದಲ್ಲಿ ಎರಡು ಖೋಲಿಯ ಕ್ವಾರ್ಟರ್ಸು ಸಿಗುತ್ತಿತ್ತು. ಈ ಎರಡು ಖೋಲಿಗಳ ಮೇಲೆ ನನಗಿಂತ ಹೆಚ್ಚು ಕಣ್ಣಿಟ್ಟವಳು ನನ್ನ ಹೆಂಡತಿ ನೀಲವ್ವ. ಮುಂಡಗೋಡದ ಹುಡುಗಿ, ಮದುವೆಯಾಗಿ ಬಂದು ವರ್ಷವಾಗಿರಲಿಲ್ಲ. ನಮ್ಮ ಮನೆಯಲ್ಲಿ ಒಲೆ ಒಂದು. ಅದರ ಮುಂದೆ ಕೂರುವ ಹಕ್ಕು ಅವ್ವನದು, ಅವಳ ನಂತರ ಇಬ್ಬರು ಅತ್ತಿಗೆಯರದು. ನೀಲವ್ವನ ಪಾಲಿಗೆ ಬಂದದ್ದು ಕಟ್ಟಿಗೆ ತರುವ ಖಾತೆ ಮತ್ತು ಬೂದಿ ಬಳಿಯುವ ಖಾತೆ.

"ನನಗ ಬಂಗಾರ ಬ್ಯಾಡ, ಇಳಕಲ್ ಸೀರಿ ಬ್ಯಾಡ," ಎನ್ನುತ್ತಿದ್ದಳು. "ನಂದು ಅಂತ ಒಂದು ಒಲಿ ಬೇಕು. ಅದರ ಮುಂದ ನಾ ಕುಂಡ್ರಬೇಕು. 'ಇದನ್ನ ಹಿಂಗ ಮಾಡು' ಅಂತ ಹೇಳವರು ಬೆನ್ನ ಹಿಂದ ಇರಬಾರ್ದು. ಇಷ್ಟ ನೋಡ್ರಿ."

ಇಷ್ಟೇ ತಾನೆ ಎಂದುಕೊಂಡೆ.

ನಮ್ಮ ಕೆರೆಗೆ ಬಿಟ್ಟಿದ್ದವು ಕಾಟ್ಲಾ, ರೋಹು ಎಂಬ ದೊಡ್ಡ ಹೊಳೆಯ ಮೀನುಗಳು. ಮರಿಯಾಗಿದ್ದಾಗ ಕಲಕತ್ತಾ ಕಡೆಯಿಂದ ರೈಲಿನಲ್ಲಿ ಬಂದಂಥವು. ನಮ್ಮ ಕೆರೆಯಲ್ಲಿ ತಿಂದುಂಡು ತೊಡೆಗಾತ್ರ ಬೆಳೆದಿದ್ದವು. ಆದರೆ ಮರಿ ಮಾತ್ರ ಇಲ್ಲ. ವರ್ಷವೂ ರೈಲಿನಲ್ಲಿ ಮರಿ ತರಿಸುವುದು ಸಾಹೇಬರಿಗೆ ಸಾಕಾಗಿತ್ತು. ಒಂದು ದಿನ ನಮ್ಮನ್ನೆಲ್ಲ ಕೂರಿಸಿಕೊಂಡು ಪಾಠ ಹೇಳಿದರು.

"ನೋಡಿ, ಈ ಜಾತಿ ಮೀನು ಎಷ್ಟೇ ಕೊಬ್ಬಲಿ, ಹೊಟ್ಟೆ ತುಂಬ ಮೊಟ್ಟೆ ಹೊರಲಿ, ನಿಂತ ನೀರಲ್ಲಿ ಇಡೋದಿಲ್ಲ. ಅದಕ್ಕೆ ಹೊಳೆ ಬೇಕು. ಹೊಸ ಮಳೆ ಬೀಳಬೇಕು, ಉಹುಂ, ನೀರು ಕೆಂಪಾಗಬೇಕು, ತಣ್ಣಗಾಗಬೇಕು, ದಡ ಮೀರಿ ಹುಲ್ಲಿನ ಮೇಲೆ ಹರೀಬೇಕು. ಆಗ ಇವು ಸೆಳವಿಗೆ ಎದುರು ಈಜಿ, ಉಹುಂ, ಆಳ ಇಲ್ಲದ ಕಡೆ ಬರ್ತವೆ. ಹೆಣ್ಣು ಮೊಟ್ಟೆ ಚೆಲ್ಲುತ್ತೆ. ಗಂಡು ಪಕ್ಕದಲ್ಲೇ ಹಾಲು ಚೆಲ್ಲುತ್ತೆ. ಒಂದು ದಿನ ಕಳೆಯೋದರೊಳಗೆ ಮರಿ. ಕೆರೆಯ ಪಕ್ಕ ಇಂಥದೊಂದು ಏರ್ಪಾಡು ಮಾಡಿ, ಮೃಗಶಿರಾ ಮಳೆಗೆ, ನೀವು ಮಿರಗ ಅಂತೀರಲ್ಲ, ಅದಕ್ಕೆ ಮುಂಚೆ ಯಾರು ಮರಿ ಮಾಡಿಸ್ತಾರೋ ಅವರ ಹೆಸರು ಖಾಯಂಗೆ ಬರೀತೇನೆ. ಉಹುಂ."

ಆ 'ಉಹುಂ' ಸಾಹೇಬರ ಕೆಮ್ಮು. ಅರ್ಧ ಮೂಗಿನಿಂದ, ಅರ್ಧ ಗಂಟಲಿನಿಂದ ಬರುತ್ತಿತ್ತು. ಇಡೀ ಪಾಠದಲ್ಲಿ ನನ್ನ ಗಮನವೆಲ್ಲ ಅದು ಎಲ್ಲಿ ಹುಟ್ಟಿ ಎಲ್ಲಿ ತಿರುಗುತ್ತದೆ ಎಂಬುದರ ಮೇಲಿತ್ತು. ಗಂಡು ಮೀನನ್ನು ಗುರುತಿಸುವುದು ಹೇಗೆ, ಮೊಟ್ಟೆ ಹೇಗಿರುತ್ತದೆ ಎಂದೂ ಅವರು ಹೇಳಿದರಂತೆ. ಅಷ್ಟರಲ್ಲಿ ನನಗೆ ಕೆಮ್ಮು ಪೂರ್ತಿ ಬಂದುಬಿಟ್ಟಿತ್ತು.

ಮನೆಗೆ ಬಂದು ನೀಲವ್ವನಿಗೆ ಪಾಠವನ್ನು ಕೆಮ್ಮಿನ ಸಮೇತ ಒಪ್ಪಿಸಿದೆ. ಅವಳು ಅಕ್ಕಿಯ ಮೊರ ಬದಿಗಿಟ್ಟು ಕೇಳಿದಳು.

"ಅಂದ್ರ ಹೆರಿಗಿಗೆ ಅವೂ ತವರಿಗೆ ಹೋಗ್ತಾವ ಅಂದಂಗಾತು. ಹೊಳಿ ತವರುಮನಿ. ನಿಮ್ಮ ಕೆರಿ ಅತ್ತಿಮನಿ. ಅತ್ತಿಮನ್ಯಾಗ ತಿಂತಾವ, ದಪ್ಪ ಆಗ್ತಾವ, ಮನಸ್ಸು ಬಿಚ್ಚಂಗಿಲ್ಲ."

"ಹಂಗಾರ ತವರುಮನೀನ ಇಲ್ಲಿಗೆ ತರೂಣು," ಎಂದೆ.

"ಮಳಿ ಎಲ್ಲಿಂದ ತರ್ತೀರಿ?"

"ತೆಗೀತೇನಿ."

"ಏನು?"

"ಮಳೀದು ಧ್ವನಿ ತೆಗೀತೇನಿ. ಗೌಡರದು ತೆಗ್ದೇನಿ, ಭೋಂಗಾ ತೆಗ್ದೇನಿ, ಮಳಿ ಏನು ದೊಡ್ಡದು? ಮನಷಾರ ನಂಬಿ ಓಡ್ಯಾರ. ಮೀನು ನಂಬಂಗಿಲ್ಲೇನು?"

ನೀಲವ್ವ ಮತ್ತೆ ಮೊರ ಎತ್ತಿಕೊಂಡಳು. ಒಲೆಯ ಆಸೆ ಮನುಷ್ಯರ ಬುದ್ಧಿಯನ್ನು ಎಷ್ಟು ಮಂಕು ಮಾಡುತ್ತದೆ ನೋಡಿ. ಅವಳು ಬೇಡ ಎನ್ನಲಿಲ್ಲ.

ಕೆಲಸ ಶುರುವಾಯಿತು. ಕೆರೆಯ ಮೇಲ್ಬದಿಯಿಂದ ಒಂದು ಉದ್ದನೆಯ ಕಾಲುವೆ ತೋಡಿಸಿ, ಅಡಿಗೆ ಹುಲ್ಲು ಹಾಸಿ, ಕೆಮ್ಮಣ್ಣು ಕಲಸಿ ನೀರು ಬಿಟ್ಟೆ. ನೋಡಿದರೆ ಸಾಕ್ಷಾತ್ ಕಾಳಿ ಹೊಳೆಯ ಮರಿ. ಮೀನು ಹಿಡಿಯಲು ಬಲೆ ಹಾಕಿಸಿ, ಬಂದವುಗಳಲ್ಲಿ ಒಳ್ಳೊಳ್ಳೆಯವನ್ನು ನಾನೇ ಆರಿಸಿದೆ. ಸೊರಗಿದವನ್ನು ಮರಳಿ ಕೆರೆಗೆ ಎಸೆದೆ. ಹೊಟ್ಟೆ ದುಂಡಗಿದ್ದು ಮೈ ಮಿರಿಮಿರಿ ಮಿಂಚುವವನ್ನು ಮಾತ್ರ ಕಾಲುವೆಗೆ ಇಳಿಸಿದೆ. ವರಪರೀಕ್ಷೆ ಮಾಡಿದ ಹಿರಿಯನಂತೆ ಕೈ ಒರೆಸಿಕೊಂಡೆ.

ಇನ್ನು ಮಳೆ. ಪಕ್ಕದ ಮನೆಯ ದ್ಯಾಮಣ್ಣ ಹಲಿಗೆ ಬಾರಿಸುವುದರಲ್ಲಿ ಗಟ್ಟಿಗ, ಸುದ್ದಿ ಹಂಚುವುದರಲ್ಲಿ ಇನ್ನೂ ಗಟ್ಟಿಗ. ಅವನಿಗೆ ಗುಡುಗಿನ ಖಾತೆ ಕೊಟ್ಟೆ. ನೀಲವ್ವನಿಗೆ ಹನಿಯ ಖಾತೆ: ತಳಕ್ಕೆ ತೂತು ಹೊಡೆದ ಘಾಸಲೇಟ್ ಡಬ್ಬಿಯಲ್ಲಿ ನೀರು ತುಂಬಿ ಕಾಲುವೆಯ ಮೇಲೆ ಓಡಾಡುವುದು. ಗಾಳಿ ಮತ್ತು ಇತರ ಪರಚೂರಣ ನನ್ನದು. ಬೇಸಿಗೆಯ ಒಂದು ಸಂಜೆ, ಹೊತ್ತು ಇಳಿಯುವ ಮುಂಚೆ, ಮುಗಿಲಲ್ಲಿ ಒಂದು ಚೂರೂ ಮೋಡವಿಲ್ಲದಿರುವಾಗ, ಸಾಂಬ್ರಾಣಿ ಕೆರೆಯ ದಂಡೆಯಲ್ಲಿ ಮಿರಗದ ಮಳೆ ಆರಂಭವಾಯಿತು.

ದ್ಯಾಮಣ್ಣ ಹಲಿಗೆ ಬಡಿದ. ನಾನು ಗಾಳಿಯಂತೆ ಸುಯ್ಯೆಂದೆ, ಬಿದಿರಿನಂತೆ ಕಿರ್ರೆಂದೆ, ದೂರದ ಗುಡುಗಿನಂತೆ ಹೊಟ್ಟೆಯಿಂದ ಗುರುಗುಟ್ಟಿದೆ. ಕಾಲುವೆಯೊಳಗೆ ಮೀನುಗಳು ಸಾಲಾಗಿ ನಿಂತು ಬಾಯಿ ತೆರೆದು ಮುಚ್ಚಿ ಮಾಡುತ್ತ ನಮ್ಮನ್ನು ನೋಡಿದವು. ನನ್ನನ್ನು ನಾನು ಅಣಕಿಸುವಾಗ ಮಾಡುವ ಮುಖ ಅದೇ.

"ಏನೋ ಒಂದು ಕಮ್ಮಿ ಆಗೇತಿ," ಎಂದ ದ್ಯಾಮಣ್ಣ.

"ಏನು?"

"ಕಪ್ಪಿ. ಕಪ್ಪಿ ಇಲ್ಲದ್ದು ಅದೆಂಥಾ ಮಳಿಯಪಾ?"

ಮಾತು ನಿಜ. ಕಪ್ಪೆ ನನ್ನ ಹಳೆಯ ಕಸುಬು. ಶಾಲೆಯಲ್ಲಿ ಕನ್ನಡ ಮಾಸ್ತರರು ಪದ್ಯ ಓದುವಾಗಲೇ ಅದರಲ್ಲಿ ಕೈ ಪಳಗಿತ್ತು. ಗಂಟಲು ಸರಿಮಾಡಿಕೊಂಡು, ಕೆನ್ನೆ ಉಬ್ಬಿಸಿ, ದೊಡ್ಡ ಗಂಡು ಕಪ್ಪೆಯ ಹಾಗೆ ವಟಗುಟ್ಟಿದೆ. ಒಂದಲ್ಲ, ಹಿಂಡು ಹಿಂಡು. ಎಡಗಡೆಗೊಂದು, ಬಲಗಡೆಗೊಂದು, ಅವುಗಳ ನಡುವೆ ಒಂದು ಜಗಳ. ನೀಲವ್ವ ಡಬ್ಬಿ ಹಿಡಿದುಕೊಂಡೇ ನಿಂತುಬಿಟ್ಟಳು.

"ಇದು ಮಾತ್ರ ಖರೇನ ಐತ್ರಿ," ಎಂದಳು. ಮದುವೆಯಾದ ಮೇಲೆ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ. ನನಗೆ ಹುರುಪು ಬಂದು, ಹೊತ್ತು ಮುಳುಗುವವರೆಗೂ ವಟಗುಟ್ಟಿದೆ.

ಮರುದಿನ ಮುಂಜಾನೆ ಕಾಲುವೆಗೆ ಹೋಗಿ ನೋಡಿದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಹುಲ್ಲಿನ ನಡುವೆ, ಲೋಳೆಯೊಳಗೆ, ನೆನೆಸಿದ ಸಾಬೂದಾಣಿಯ ಹಾಗೆ ಮೊಟ್ಟೆ. ಒಂದೊಂದರ ನಡುವೆ ಒಂದೊಂದು ಕಪ್ಪು ಚುಕ್ಕೆ. ಮುದ್ದೆ ಮುದ್ದೆ ಇದ್ದವು. ನಾನು ಅಲ್ಲೇ ಕೂತು ಕಾಲುವೆಗೆ ಕೈ ಮುಗಿದೆ.

ಮೊಟ್ಟೆಯನ್ನು ಅಲ್ಲೇ ಬಿಡುವಂತಿರಲಿಲ್ಲ. ದೊಡ್ಡ ಮೀನುಗಳು ತಾವಿಟ್ಟ ಮೊಟ್ಟೆಯನ್ನೇ ತಿನ್ನುತ್ತವೆ ಎಂಬ ಮಾತು ಪಾಠದಿಂದ ಹೇಗೋ ಕಿವಿಗೆ ಬಿದ್ದಿತ್ತು. ಮೇಲಾಗಿ ಕೊಕ್ಕರೆಗಳ ಕಾಟ. ನೀಲವ್ವ ಅಟ್ಟ ಹತ್ತಿ, ಅವ್ವನ ತವರಿನಿಂದ ಬಂದ ತಾಮ್ರದ ಹಂಡೆ ಇಳಿಸಿದಳು. ಮನೆಯಲ್ಲಿ ಜಂಗಮರ ಪಾದಪೂಜೆಯಾದಾಗ ಮಾತ್ರ ನೀರು ತುಂಬುತ್ತಿದ್ದ ಹಂಡೆ ಅದು. ಅದರಲ್ಲಿ ಕಾಲುವೆಯ ನೀರು ತುಂಬಿ, ಮೊಟ್ಟೆ ಬಿಟ್ಟು, ಹಿತ್ತಲ ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಟ್ಟು ಹೊದಿಸಿ ಇಟ್ಟೆವು.

"ಅವ್ವ ನೋಡಿದ್ರ?" ಎಂದೆ.

"ನೋಡೂದ್ರಾಗ ಕ್ವಾಟ್ರಸ್ಸಿಗೆ ಹೋಗಿರ್ತೇವಿ," ಎಂದಳು ನೀಲವ್ವ. ಆಗಲೇ ಅವಳು ಒಲೆಗೆ ಯಾವ ದಿಕ್ಕಿಗೆ ಬಾಯಿ ಇಡಬೇಕೆಂದು ಯೋಚಿಸುತ್ತಿದ್ದಳು.

ಮೊಟ್ಟೆ ಒಡೆದು ಮರಿ ಬಂದವು. ಸಾಹೇಬರು ಹೇಳಿದ್ದಕ್ಕಿಂತ ಸ್ವಲ್ಪ ತಡವಾಯಿತು. ಊರಿನ ಹವಾ ಎಂದುಕೊಂಡೆ. ಕಪ್ಪಗಿದ್ದವು. ಬಿಸಿಲಿನ ಕಾಟ ಎಂದುಕೊಂಡೆ. ತಲೆ ದಪ್ಪವಿತ್ತು. ಜಾಣ ಮೀನು ಎಂದುಕೊಂಡೆ. ಶೇಂಗಾದ ಹಿಂಡಿ, ಅಕ್ಕಿಯ ತವಡು ಸಣ್ಣಗೆ ಕುಟ್ಟಿ ಹಾಕಿದೆವು. ಬಾಲ ಅಲ್ಲಾಡಿಸುತ್ತ ಬಂದು ತಿಂದವು. ನಾನು ಅವುಗಳಿಗೆ ಸಾಹೇಬರ ಧ್ವನಿಯಲ್ಲಿ ನಿತ್ಯವೂ ಎರಡು ಹಿತವಚನ ಹೇಳುತ್ತಿದ್ದೆ. ಉಹುಂ ಎಂದರೆ ಒಟ್ಟಾಗಿ ತಿರುಗುತ್ತಿದ್ದವು.

ಹಳಿಯಾಳಕ್ಕೆ ಹೋಗಿ ಸಾಹೇಬರಿಗೆ ವರದಿ ಒಪ್ಪಿಸಿದೆ: ಮಾನ್ಯರೇ, ತಮ್ಮ ಮಾರ್ಗದರ್ಶನದಂತೆ ಸದರಿ ಮೀನುಗಳು ಸುಖವಾಗಿ ಪ್ರಸವಿಸಿವೆ. ಸಾಹೇಬರು ಕುರ್ಚಿಯಿಂದ ಎದ್ದು ನನ್ನ ಬೆನ್ನು ತಟ್ಟಿದರು. "ಇಲ್ಲಿ ಬೇರೆ ಯಾರಿಗೂ ಆಗಿಲ್ಲ ಕಣ್ರೀ. ನಾನೇ ಬಂದು ನೋಡ್ತೀನಿ. ದಾಂಡೇಲಿ ಕಡೆ ಕೆಲಸ ಮುಗಿಸ್ಕೊಂಡು ಬರ್ತಾ ನಿಮ್ಮೂರಿಗೆ ಬಂದು, ಅಲ್ಲೇ ಹೆಸರು ಬರೆದುಬಿಡ್ತೀನಿ." ದ್ಯಾಮಣ್ಣನ ಕೃಪೆಯಿಂದ ಈ ಸುದ್ದಿ ನನಗಿಂತ ಮುಂಚೆ ಊರು ಮುಟ್ಟಿತ್ತು. ನೀಲವ್ವ ಹೊಸ ಗಡಿಗೆ ಒಂದನ್ನು ಕೊಂಡು ಟ್ರಂಕಿನಲ್ಲಿ ಸೀರೆಗಳ ನಡುವೆ ಮುಚ್ಚಿಟ್ಟಳು.

ಕೆಲವು ವಾರ ಕಳೆದು, ಸಾಹೇಬರು ಬರುವ ದಿನ ಮುಂಜಾನೆ ಹಿಂಡಿ ಹಾಕಲು ಹೋದ ನೀಲವ್ವ ಕೊಟ್ಟಿಗೆಯಿಂದಲೇ ಕರೆದಳು. ಧ್ವನಿ ಬಹಳ ಶಾಂತವಾಗಿತ್ತು.

"ಏನ್ರೀ, ಸ್ವಲ್ಪ ಬರ್ರಿ."

ಹೋದೆ.

"ಮೀನಿಗೆ ಕಾಲಿರ್ತಾವೇನ್ರಿ?"

"ಎಲ್ಲ್ಯಾರ ಇರ್ತಾವೇನು? ರೆಕ್ಕಿ ಇರ್ತಾವ."

"ಹಂಗಾದ್ರ ಇದು ಮೊಣಕಾಲು ಮಡಚಿ ಕುಂತ ರೆಕ್ಕಿ."

ಬಗ್ಗಿ ನೋಡಿದೆ. ಬಾಲದ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು, ಪುಟ್ಟ ಹಿಂಗಾಲು. ಬೆರಳಿನ ಸಮೇತ. ಇದೊಂದು ಕೆಟ್ಟ ಹುಳ ಸೇರಿಕೊಂಡಿದೆ ಎಂದು ಹೇಳಿ ಸೌಟಿನಿಂದ ಅದನ್ನು ತೆಗೆದು ಹೊರಗೆ ಹಾಕಿದೆ. ಪಕ್ಕದ್ದಕ್ಕೂ ಕಾಲಿತ್ತು. ತೆಗೆದೆ. ಅದರ ಪಕ್ಕದ್ದಕ್ಕೂ ಇತ್ತು. ಹೀಗೇ ತೆಗೆಯುತ್ತ ಹೋದರೆ ಸಾಹೇಬರಿಗೆ ಖಾಲಿ ಹಂಡೆ ತೋರಿಸಬೇಕಾಗುತ್ತದೆ ಎಂದು ತಿಳಿದಾಗ ಎಲ್ಲವನ್ನೂ ಮತ್ತೆ ಒಳಗೆ ಹಾಕಿದೆ.

"ಕಪ್ಪಿ ಮರಿ," ಎಂದಳು ನೀಲವ್ವ. ಗೋಣಿತಟ್ಟಿನ ಮೇಲೆ ಕೂತಳು. ಆಮೇಲೆ ನಿಧಾನವಾಗಿ ಕೇಳಿದಳು: "ಅವತ್ತ ಸಂಜಿಕ ನೀವು ಒದರಿದ್ದಕ್ಕ ಬಂದಿದ್ದು ಇವರ ಅವ್ವಗಳೇನು?"

ನನಗೆ ಉತ್ತರ ಗೊತ್ತಿತ್ತು. ಬಿಸಿಲಿಗೆ ಬಿಲ ಸೇರಿದ್ದ ಹೆಣ್ಣು ಕಪ್ಪೆಗಳು ನನ್ನ ಕೂಗು ಕೇಳಿ, ಮಳೆಯೂ ಬಂತು ವರನೂ ಬಂದ ಎಂದು ಎದ್ದು ಬಂದಿದ್ದವು. ಅವುಗಳ ಬೆನ್ನಿಗೆ, ಇದ್ಯಾವನು ಹೊಸಬ ಎಂದು ನೋಡಲು ಊರ ಗಂಡು ಕಪ್ಪೆಗಳೂ ಬಂದಿರಬೇಕು. ನನ್ನ ಮಳೆಯನ್ನು ಮೀನು ನಂಬಲಿಲ್ಲ. ನನ್ನ ಕಪ್ಪೆಯನ್ನು ಕಪ್ಪೆ ನಂಬಿತು.

ಅಷ್ಟರಲ್ಲಿ ಜೀಪಿನ ಸದ್ದು. ಸಾಹೇಬರು, ಅವರ ಹಿಂದೆ ದ್ಯಾಮಣ್ಣ, ದ್ಯಾಮಣ್ಣನ ಹಿಂದೆ ಅರ್ಧ ಊರು. ದೊಡ್ಡವರು ಹಿತ್ತಲಿಗೆ ಹೊರಟಿದ್ದಾರೆ ಎಂದು ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ತಂಬಿಗೆ ನೀರು ಹಿಡಿದು ಬಂದಳು. ಅವಳ ಕಣ್ಣು ಮೊದಲು ಬಿದ್ದದ್ದು ಹಂಡೆಯ ಮೇಲೆ. ತಂಬಿಗೆಯನ್ನು ನೆಲಕ್ಕಿಟ್ಟಳು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಹಂಡೆಗೆ ಬಗ್ಗಿದರು. ಬೆರಳಿನಿಂದ ನೀರು ಕದಡಿ ನೋಡಿದರು.

"ಬಹಳ ಪುಷ್ಟಿಯಾಗಿವೆ," ಎಂದರು ಕೊನೆಗೆ. "ಉಹುಂ. ಆದರೆ ಕಾಟ್ಲಾ ಮೀನಿಗೆ ಹಿಂಗಾಲು ಮೊದಲು ಬರುತ್ತೆ ಅಂತ ನಾನು ಎಲ್ಲೂ ಓದಿಲ್ವಲ್ಲ."

"ನಾನೂ ಓದಿಲ್ರಿ ಸಾಹೇಬರ."

"ಕಾಲುವೆಗೆ ಬಿಟ್ಟ ಮೀನು ಎಲ್ಲಿ? ತೋರಿಸಿ."

ಎಲ್ಲರೂ ಕೆರೆಗೆ ಹೋದೆವು. ಸಾಹೇಬರು ತೋಳು ಮಡಚಿ, ನನ್ನ ಆಯ್ದ ಮೀನುಗಳನ್ನು ಒಂದೊಂದಾಗಿ ಹಿಡಿದು, ಕಿವಿರಿನ ಹಿಂದಿನ ರೆಕ್ಕೆಯನ್ನು ಬೆರಳಿನಿಂದ ಸವರಿ ಬಿಟ್ಟರು.

"ಗಂಡಿನ ರೆಕ್ಕೆ ಈ ಕಾಲದಲ್ಲಿ ಒರಟಾಗಿರುತ್ತೆ, ಹೆಣ್ಣಿಂದು ನುಣುಪು. ಗಂಡು ತೆಳ್ಳಗೆ, ಹೆಣ್ಣಿಗೆ ಹೊಟ್ಟೆ. ಹೇಳಿದ್ದೆ. ಇದು ಹೆಣ್ಣು. ಇದೂ ಹೆಣ್ಣು. ಇವೆಲ್ಲ ಹೆಣ್ಣೇ ಕಣ್ರೀ. ನಿಮ್ಮ ಈ ಕಾಲುವೆಯಲ್ಲಿ ಗಂಡು ಅಂತ ಯಾರಿದ್ರು?"

"ನಾನೊಬ್ಬನ ರೀ."

ಸೊರಗಿದವು ಎಂದು ನಾನು ಕೆರೆಗೆ ಎಸೆದದ್ದು ಅಷ್ಟೂ ಗಂಡುಗಳನ್ನು.

ಇಲ್ಲಿಗೆ ಮುಗಿಯಬಹುದಿತ್ತು. ದ್ಯಾಮಣ್ಣ ಬಿಡಬೇಕಲ್ಲ. ನನ್ನ ಮೇಲಿನ ಪ್ರೀತಿಯಿಂದ, ನನ್ನನ್ನು ಉಳಿಸಲೆಂದೇ ಬಾಯಿ ಹಾಕಿದ. "ಸಾಹೇಬರ, ಮಳಿ ಮಾತ್ರ ಭೇಷ್ ತೆಗದಿದ್ದ ನೋಡ್ರಿ. ಕಪ್ಪಿ ಅಂತೂ ಕೇಳಬ್ಯಾಡ್ರಿ. ನಿಮ್ಮ ಧ್ವನೀನೂ ತೆಗೀತಾನ. ನಿಮ್ಮ ಕೆಮ್ಮು ನಿಮಗಿಂತ ಛಲೋ ಕೆಮ್ಮತಾನ."

ಸಾಹೇಬರು ನನ್ನತ್ತ ತಿರುಗಿದರು. "ಹೌದೇನ್ರೀ? ಎಲ್ಲಿ, ಮಾಡಿ."

"ಯಾವುದ್ರಿ?"

"ಎರಡೂ."

ಸರಕಾರಿ ಅಪ್ಪಣೆ. ಕೆರೆಯ ದಂಡೆಯಲ್ಲಿ ಕೈ ಕಟ್ಟಿ ನಿಂತು, ಮೇಲಧಿಕಾರಿಗಳ ಎದುರಿಗೇ ಅವರ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಅವರದೇ ಧ್ವನಿಯಲ್ಲಿ ಒಪ್ಪಿಸಿದೆ. ಕೆಮ್ಮು ಎಲ್ಲೂ ತಪ್ಪಲಿಲ್ಲ. ಗಂಡು ಮೀನಿನ ಭಾಗ ಮಾತ್ರ ಬರಲಿಲ್ಲ. ಆಮೇಲೆ ಕೆನ್ನೆ ಉಬ್ಬಿಸಿ ವಟಗುಟ್ಟಿದೆ. ಹುಲ್ಲಿನೊಳಗಿಂದ, ಹಗಲು ಹೊತ್ತಿನಲ್ಲಿ, ಒಂದು ದೊಡ್ಡ ಕಪ್ಪೆ ಉತ್ತರ ಕೊಟ್ಟಿತು.

ಸಾಹೇಬರು ನಕ್ಕರು. ನಕ್ಕು ನಕ್ಕು ನಿಜವಾದ ಕೆಮ್ಮೇ ಬಂದು, ಕನ್ನಡಕ ಒರೆಸಿಕೊಂಡರು. ನನಗೆ ಆಸೆ ಚಿಗುರಿತು. ನೀಲವ್ವನತ್ತ ನೋಡಿದೆ, ಅವಳ ಮುಖದಲ್ಲೂ ಚಿಗುರಿತ್ತು.

"ಅಪರೂಪದ ವಿದ್ಯೆ ಕಣ್ರೀ," ಎಂದರು ಸಾಹೇಬರು ಜೀಪು ಹತ್ತುತ್ತ. "ಆದರೆ ನಮ್ಮಲ್ಲಿ ಕಪ್ಪೆಗೆ ಅಂತ ಬೇರೆ ವಿಭಾಗ ಇಲ್ಲ. ಇದ್ದಿದ್ರೆ ಇವತ್ತೇ ಖಾಯಂ ಮಾಡ್ತಿದ್ದೆ. ಈ ತಿಂಗಳು ಮುಗಿಸಿ, ಕೆರೆ ಬೇರೆಯವರಿಗೆ ಒಪ್ಪಿಸಿಬಿಡಿ."

ಜೀಪು ಹೋಯಿತು. ಅದರ ಜೊತೆಗೆ ಎರಡು ಖೋಲಿಗಳೂ ಹೋದವು.

ಮಾರನೆಯ ದಿನವೇ ನಿಜವಾದ ಮಿರಗ ಹಿಡಿಯಿತು. ಹಲಿಗೆ ಇಲ್ಲ, ಡಬ್ಬಿ ಇಲ್ಲ, ನನ್ನ ಸಹಾಯವಿಲ್ಲ. ಹಗಲು ರಾತ್ರಿ ಸುರಿದು ಕೆರೆ ಕೋಡಿ ಬಿದ್ದಿತು. ಕಾಲುವೆಯ ಬದು ಒಡೆದು, ನನ್ನ ದುಂಡು ಹೊಟ್ಟೆಯ ಮೀನುಗಳು ಕೋಡಿ ಹಾರಿ ಹೊಳೆಯ ಕಡೆ ಹೊರಟುಹೋದವು. ನಾನು ಹುಡುಕಿಕೊಡದ ಗಂಡನ್ನು ತಾವೇ ನೋಡಿಕೊಳ್ಳಲು ಹೋದವೆಂದು ಕಾಣುತ್ತದೆ.

ಅದೇ ಮಳೆಯ ನಡುವೆ ಅವ್ವ ತೀರ್ಪು ಕೊಟ್ಟಳು. ಹಂಡೆಯನ್ನು ಹುಣಸೆ ಹಚ್ಚಿ ಮೂರು ಸಲ ತಿಕ್ಕಿಸಿ, ಕಲಾಯಿ ಮಾಡಿಸಲು ಹಳಿಯಾಳಕ್ಕೆ ಕಳಿಸಿದ ಮೇಲೆ, ನಡುಮನೆಯಲ್ಲಿ ಕೂತು ನಮ್ಮಿಬ್ಬರನ್ನೂ ಕರೆದಳು.

"ಪೂಜಿ ಹಂಡ್ಯಾಗ ಕಪ್ಪಿ ಸಾಕಿದ ಕೈ," ಎಂದಳು. "ಈ ಕೈ ನನ್ನ ಒಲಿ ಕಡೆ ಬರಬಾರ್ದು. ಇಬ್ಬರ್ದೂ. ಕೊಟಗಿ ಬಾಜೂಕ ಸಪ್ಪರ ಐತಿ. ಅಲ್ಲೆ ಒಲಿ ಹೂಡಿಕೊಳ್ರಿ. ಅಲ್ಲೆ ಬೇಯಿಸ್ರಿ, ಅಲ್ಲೆ ಉಣ್ರಿ. ಆ ಕಡೆ ನಾ ಕಾಲ ಇಡಂಗಿಲ್ಲ. ನಿಮ್ಮ ಅತ್ತಿಗ್ಯಾರೂ ಇಡಂಗಿಲ್ಲ."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ನೀಲವ್ವ ನನ್ನ ಅಂಗಿ ಹಿಂದಿನಿಂದ ಹಿಡಿದು ಜಗ್ಗಿದಳು.

"ಆತ್ರಿ ಅತ್ತಿ," ಎಂದಳು ತಲೆ ತಗ್ಗಿಸಿ. ಅಷ್ಟು ವಿಧೇಯ ಸೊಸೆಯನ್ನು ಅವ್ವ ಅದುವರೆಗೆ ನೋಡಿರಲಿಲ್ಲ.

ಸಂಜೆಯೊಳಗೆ ಸಪ್ಪರದಲ್ಲಿ ಮೂರು ಕಲ್ಲಿನ ಒಲೆ ಎದ್ದಿತು. ನೀಲವ್ವ ಅದಕ್ಕೆ ಸೆಗಣಿ ಸಾರಿಸಿ, ವಿಭೂತಿ ಹಚ್ಚಿ, ಮುಂದೆ ಕೂತಳು. ಬೆನ್ನ ಹಿಂದೆ ದನಗಳಿದ್ದವು. ಅವು ಏನೂ ಹೇಳಲಿಲ್ಲ. ಕಟ್ಟಿಗೆ ಹಸಿ, ಹೊಗೆ ಕಣ್ಣು ತುಂಬ. ಅವಳ ಕಣ್ಣಲ್ಲಿ ನೀರು ಬಂದದ್ದು ಹೊಗೆಗೋ ಬೇರೆಯದಕ್ಕೋ ನಾನು ಕೇಳಲಿಲ್ಲ. ನಾನು ಕಂಬಕ್ಕೆ ಒರಗಿ, ಇನ್ನು ಮುಂದೆ ಏನು ಮಾಡಬೇಕು, ಯಾವ ಇಲಾಖೆಯಲ್ಲಿ ಪ್ರಯತ್ನಿಸಬೇಕು ಎಂದು ಗಂಭೀರವಾಗಿ ಮಾತು ತೆಗೆದೆ.

ನೀಲವ್ವ ಊದುಗೊಳವೆ ನನ್ನ ಕೈಗೆ ಕೊಟ್ಟಳು.

"ಗಂಟಲದಾಗ ಭಾಳ ಗಾಳಿ ಐತಲ್ಲ ನಿಮಗ. ಕುಂತು ಊದ್ರಿ," ಎಂದಳು. "ಈ ನೌಕರಿ ಖಾಯಂ."

ಕೂತು ಊದಿದೆ. ಒಲೆ ಹೊತ್ತಿತು. ಇದುವರೆಗೂ ಬಡ್ತಿ ಸಿಕ್ಕಿಲ್ಲ.